ನಾಲ್ಕನೇ ಗೇರಿನ ರಸ್ತೆ

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳ ಕೆಲಸದಲ್ಲಿ ಗಡಿಬಿಡಿ ಇತ್ತೆಂದಲ್ಲ. ಆಸ್ಪತ್ರೆಯ ಹೊದಿಕೆಯಾಗಲಿ, ಹೋಟೆಲಿನ ದಿಂಬಿನ ಚೀಲವಾಗಲಿ, ಹಾಸ್ಟೆಲಿನ ಪರದೆಯಾಗಲಿ, ಅವಳ ಇಸ್ತ್ರಿ ಮೇಜಿನಿಂದ ಹೊರಟರೆ ಅಂಚಿಗೆ ಅಂಚು ಕೂಡಿಯೇ ಹೊರಡಬೇಕು. ಗಡಿಬಿಡಿ ಇದ್ದದ್ದು ಹೊಟ್ಟೆಯೊಳಗೆ. ಬಾಗಿಲಿಗೆ ಬೀಗ ಹಾಕಿ ಮೂರು ಹೆಜ್ಜೆ ಹೋದವಳು ಹಿಂದಿರುಗಿ ಬಂದು ಬೀಗ ಜಗ್ಗಿ ನೋಡುವಳು. ಜಗ್ಗಿದ್ದು ನಿಜವೇ ಎಂದು ನೋಡಲು ಇನ್ನೊಮ್ಮೆ ಬರುವಳು.

ಅಂಥವಳು ನಲವತ್ತಾರನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ, ಡ್ರೈವಿಂಗ್ ಲೈಸೆನ್ಸ್ ಕಚೇರಿಯ ಅಂಗಳದಲ್ಲಿ ನಾದಿನಿಯ ಕೈಯನ್ನು ಹಿಂಡುತ್ತಾ ನಿಂತಿದ್ದಳು. ಮೂರು ಸಲ ಫೇಲಾಗಿತ್ತು. ಇದು ನಾಲ್ಕನೆಯದು. ಇದರಲ್ಲೂ ಫೇಲಾದರೆ ಮೊದಲಿನಿಂದ ಅರ್ಜಿ ಹಾಕಿ ಆರು ತಿಂಗಳು ಕಾಯಬೇಕು. ಅಷ್ಟು ಕಾಯಲು ಲಾಂಡ್ರಿಯ ಯಜಮಾನಿ ತಯಾರಿರಲಿಲ್ಲ. ಬಟ್ಟೆ ಸಾಗಿಸುವ ವ್ಯಾನನ್ನು ಇಪ್ಪತ್ತೆಂಟು ವರ್ಷ ಓಡಿಸಿದ್ದ ವ್ಯಾನ್ ಮಾವನಿಗೆ ಮಂಡಿ ಕೈಕೊಟ್ಟಿತ್ತು. ಇವತ್ತು ಅವನ ಕೊನೆಯ ದಿನ.

"ಸಂಜೆಯೊಳಗೆ ಪಾಸಾದ ಚೀಟಿ ತಂದು ತೋರಿಸು, ವ್ಯಾನ್ ನಿಂದು," ಎಂದಿದ್ದಳು ಯಜಮಾನಿ. "ತರಲಿಲ್ವೋ, ನಾಳೆ ಬೆಳಿಗ್ಗೆ ಹೊರಗಿನ ಡ್ರೈವರ್ ಬರ್ತಾನೆ. ಆಮೇಲೆ ನನ್ನ ಮುಂದೆ ನಿಂತು ಮೂಗು ಸೀಟಬೇಡ."

ವ್ಯಾನ್ ಅವಳಿಗೆ ಏಕೆ ಬೇಕಿತ್ತು ಎಂದರೆ, ಇಸ್ತ್ರಿ ಮೇಜಿಗೆ ಅವಳು ಬಂದದ್ದೇ ಮೂರು ತಿಂಗಳ ಮಟ್ಟಿಗೆ. ಟೀಚರ್ ಟ್ರೈನಿಂಗ್ ಶುರುವಾಗಲು ಅಷ್ಟು ದಿನ ಇತ್ತು, ಸುಮ್ಮನೆ ಮನೆಯಲ್ಲಿ ಕೂರುವುದೇಕೆ ಎಂದು ಬಂದಳು. ಆ ಮೂರು ತಿಂಗಳು ಎಳೆದು ಎಳೆದು ಇಪ್ಪತ್ತನಾಲ್ಕು ವರ್ಷವಾಗಿತ್ತು. ಮೇಜಿನ ಎದುರಿಗೆ ಒಂದು ಕಿಟಕಿ. ಆ ಕಿಟಕಿಯಲ್ಲಿ ದಿನಾ ಬೆಳಿಗ್ಗೆ ಬಿಳಿ ವ್ಯಾನ್ ಗೇಟು ದಾಟಿ ಹೋಗುವುದು ಕಾಣುತ್ತಿತ್ತು. ಎಲ್ಲಿಗೆ ಹೋದರೂ ಸರಿ, ಹೋಗುತ್ತದಲ್ಲ, ಎಂದು ಅವಳಿಗೆ ಅನ್ನಿಸುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನಗುತ್ತಾರೆ.

"ಅತ್ತಿಗೆ, ನನ್ನ ಬೆರಳು ಬಿಡಿ, ನಾಳೆ ನಂಗೂ ಕೆಲಸ ಇದೆ," ಎಂದಳು ನಾದಿನಿ. "ಫೋನ್ ಕೊಡಿ ಇಲ್ಲಿ. ಒಳಗೆ ತಗೊಂಡು ಹೋಗೋ ಹಾಗಿಲ್ಲ."

"ಫೇಲಾದ್ರೆ ನಿಮ್ಮಣ್ಣನಿಗೆ ನೀನೇ ಹೇಳು."

"ಅಣ್ಣ ಆಗಲೇ ಸಮಾಧಾನದ ಮಾತು ಕಲಿತಿಟ್ಕೊಂಡು ಕೂತಿದಾನೆ. ಮೂರು ಸಲ ಹೇಳಿ ಹೇಳಿ ಬಾಯಿಪಾಠ ಆಗಿದೆ. ಹೋಗಿ, ಹೋಗಿ!"

ಅವಳು ಮೂರು ಸಲ ಫೇಲಾದದ್ದಕ್ಕೆ ಕಾರಣ ಒಂದೇ. ಆ ಕಾರಣ ಹೊರಗಿನವರಿಗೆ ತಟ್ಟನೆ ಅರ್ಥವಾಗುವಂಥದ್ದಲ್ಲ. ಲಾಂಡ್ರಿಯ ವ್ಯಾನಿಗೆ ಒಂದು ಗಳಿಗೆ ಬಿಡುವು ಇರಲಿಲ್ಲ. ಆದ್ದರಿಂದ ವ್ಯಾನ್ ಮಾವ ಅವಳಿಗೆ ಕಲಿಸಿದ್ದೆಲ್ಲ ಬಟ್ಟೆ ಕೊಡಲು ಹೋಗುವಾಗಲೇ, ಪಕ್ಕದಲ್ಲಿ ಕೂತು, ಹಿಂದೆ ಮೂಟೆ ಹೇರಿಕೊಂಡು. ದಿನವೂ ಅದೇ ಆಸ್ಪತ್ರೆ, ಅದೇ ಹೋಟೆಲು, ಅದೇ ಹಾಸ್ಟೆಲು. ಮಾವ ಕಲಿಸುತ್ತಿದ್ದ ರೀತಿಯೂ ಅವನದೇ. "ಔಷಧಿ ಅಂಗಡಿ ಬಂತಾ? ಗೇರು ಮೂರಕ್ಕೆ ಹಾಕು. ಟೈಲರಿನ ಹಸಿರು ಬಾಗಿಲು ಕಾಣ್ತಾ? ಎರಡಕ್ಕೆ ಇಳಿಸು. ಬೇಕರಿ ಬೋರ್ಡು ಬಂತಾ? ಸಿಗ್ನಲ್ ಹಾಕಿ ಬಲಗಡೆ ಸಾಲಿಗೆ ಬಾ." ಹೀಗೆ ಒಂದು ವರ್ಷ. ಅವಳ ಕೈಕಾಲಿಗೆ ರಸ್ತೆಯೇ ಬಾಯಿಪಾಠವಾಯಿತು. ಆ ರಸ್ತೆಯಲ್ಲಿ ಅವಳು ಕಣ್ಣು ಮುಚ್ಚಿಕೊಂಡು ಓಡಿಸಬಲ್ಲಳು. ಬೇರೆ ರಸ್ತೆಯಲ್ಲಿ ಕಣ್ಣು ಬಿಟ್ಟುಕೊಂಡೂ ಓಡಿಸಲಾರಳು.

ಪರೀಕ್ಷೆಯ ಹಾದಿ ಕಚೇರಿಯಿಂದ ಹೊರಟು ಬೇಕರಿಯ ತನಕ ಅವಳದೇ ರಸ್ತೆ. ಅಲ್ಲಿಂದ ದೊಡ್ಡ ಸಿಗ್ನಲ್ಲಿನಲ್ಲಿ ವ್ಯಾನು ಬಲಕ್ಕೆ, ಆಸ್ಪತ್ರೆಯ ಕಡೆಗೆ. ಪರೀಕ್ಷೆ ಎಡಕ್ಕೆ, ಶಾಲೆಯ ಕಡೆಗೆ. ಶಾಲೆಯ ರಸ್ತೆಯಲ್ಲಿ ಔಷಧಿ ಅಂಗಡಿ ಇಲ್ಲ. ಹಸಿರು ಬಾಗಿಲೂ ಇಲ್ಲ. ಮತ್ತೆ ಮೂರಕ್ಕೆ ಹಾಕುವುದು ಯಾವಾಗ? ಮೊದಲನೆಯ ಸಲ ಎಂಜಿನ್ ನಾಲ್ಕು ಬಾರಿ ನಿಂತಿತು. ಎರಡನೆಯ ಸಲ ಎರಡನೇ ಗೇರಿನಲ್ಲೇ ಇಡೀ ರಸ್ತೆ ಹೋದಳು, ಹಿಂದೆ ಕಾರುಗಳ ಮೆರವಣಿಗೆ. ಮೂರನೆಯ ಸಲ ಶಾಲೆಯ ಗೇಟಿನ ಮುಂದೆ ಪರೀಕ್ಷಕರು ತಮ್ಮ ಬ್ರೇಕನ್ನು ಒತ್ತಿಬಿಟ್ಟರು. ಆ ಕಾರಿನಲ್ಲಿ ಪರೀಕ್ಷಕರ ಕಾಲಡಿಯೂ ಒಂದು ಬ್ರೇಕ್ ಇರುತ್ತದೆ. ಅದನ್ನು ಅವರು ಒತ್ತಿದರೆ ಮುಗಿಯಿತು, ಫೇಲು.

ಈ ಸಲ ಬಂದ ಪರೀಕ್ಷಕರು ಐವತ್ತು ದಾಟಿದವರು. ಅಂಗಿಯ ಕಾಲರಿನ ಇಸ್ತ್ರಿ ಸರಿಯಿರಲಿಲ್ಲ, ಎಡತುದಿ ಮೇಲಕ್ಕೆದ್ದಿತ್ತು. ಅವಳ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. ಅವರು ಹಲಗೆಗೆ ಸಿಕ್ಕಿಸಿದ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, ರೈಲಿನ ಹೊತ್ತು ಹೇಳುವವರ ದನಿಯಲ್ಲಿ ಹೇಳಿದರು: "ನೋಡಿ ಇವರೇ. ನಾನು ದಾರಿ ಹೇಳ್ತೀನಿ, ನೀವು ಓಡಿಸ್ತೀರಿ. ಸಣ್ಣ ತಪ್ಪಿಗೆ ಒಂದು ಗೀಟು. ದೊಡ್ಡ ತಪ್ಪಿಗೆ ಅಲ್ಲೇ ಮುಗೀತು. ಒಂದು ಗಂಟೆಯೊಳಗೆ ಈ ಅಂಗಳಕ್ಕೆ ವಾಪಸ್ ಬರಬೇಕು, ಇಲ್ಲಾಂದ್ರೆ ಪರೀಕ್ಷೆ ರದ್ದು. ಯಾವತ್ತೂ ಅಷ್ಟು ಹೊತ್ತು ಆಗಿಲ್ಲ, ನಿಯಮ ಇದೆ, ಅದಕ್ಕೆ ಹೇಳ್ದೆ."

ಕಾರಿನ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು.

ಔಷಧಿ ಅಂಗಡಿ ಬಂತು, ಮೂರು. ಹಸಿರು ಬಾಗಿಲು ಬಂತು, ಎರಡು. ಬೇಕರಿಯ ಬೋರ್ಡು ಬಂತು. ಆಗ ಪರೀಕ್ಷಕರು, "ಮುಂದಿನ ಸಿಗ್ನಲ್‌ನಲ್ಲಿ ಎಡಕ್ಕೆ," ಎಂದರು. ಅವಳು, "ಆಯ್ತು ಸಾರ್," ಎಂದಳು. ಹಾಗೆನ್ನುವಷ್ಟರಲ್ಲಿ ಅವಳ ಕೈ ಒಂದು ವರ್ಷದಿಂದ ದಿನಾ ಮಾಡಿದ್ದನ್ನು ಮಾಡಿ ಮುಗಿಸಿತ್ತು. ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಕಾರನ್ನು ನಯವಾಗಿ ಬಲಗಡೆಯ ಸಾಲಿಗೆ ತಂದು ನಿಲ್ಲಿಸಿತ್ತು.

ಎಡಗಡೆ ಒಂದು ಬಸ್ಸು, ಅದರ ಹಿಂದೆ ಸಾಲು ಸಾಲು ಬೈಕು.

"ಎಡಕ್ಕೆ ಅಂದೆ," ಎಂದರು ಪರೀಕ್ಷಕರು.

"ಗೊತ್ತು ಸಾರ್. ಆದ್ರೆ ಈಗ ಎಡಕ್ಕೆ ನುಗ್ಗಿದ್ರೆ ಆ ಬಸ್ಸು ನಮ್ಮನ್ನ ಇಸ್ತ್ರಿ ಮಾಡುತ್ತೆ. ಬಲಕ್ಕೇ ಹೋಗ್ಲಾ?"

ಹಸಿರು ದೀಪ ಬಿತ್ತು. ಪರೀಕ್ಷಕರ ಬಲಗಾಲು ಬ್ರೇಕಿನ ಮೇಲೆ ಬೆರಳಗಲ ಎತ್ತರದಲ್ಲಿ ನಿಂತಿದ್ದು ಅವಳಿಗೆ ಓರೆಗಣ್ಣಲ್ಲಿ ಕಂಡಿತು. ಕಾಲು ಇಳಿಯಲಿಲ್ಲ. ಅವಳು ಬಲಕ್ಕೆ ತಿರುಗಿಸಿದಳು.

"ಮುಗೀತಾ ಸಾರ್? ಫೇಲಾ?"

"ಮುಂದೆ ನೋಡಿ ಓಡಿಸಿ. ದಾರಿ ತಪ್ಪೋದು ತಪ್ಪಿನ ಪಟ್ಟಿಯಲ್ಲಿ ಇಲ್ಲ. ಕೆಟ್ಟದಾಗಿ ಓಡಿಸೋದು ಇದೆ. ಎಲ್ಲಾದ್ರೂ ಜಾಗ ಸಿಕ್ಕಿದಾಗ ತಿರುಗಿಸ್ಕೊಂಡು ವಾಪಸ್ ಹೋಗೋಣ."

ಆಸ್ಪತ್ರೆಯ ರಸ್ತೆ ಅವಳ ರಸ್ತೆ. ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಹೋಯಿತು ಕಾರು. ಪರೀಕ್ಷಕರು ಹಾಳೆಯ ಮೇಲೆ ಒಂದು ಗೀಟೂ ಹಾಕದೆ ಅವಳನ್ನೊಮ್ಮೆ ನೋಡಿದರು. ಆಸ್ಪತ್ರೆಯ ಗೇಟಿನಲ್ಲಿ ತಿರುಗಿಸಿಕೊಂಡರಾಯಿತು, ಎಂದುಕೊಂಡಳು. ಆದರೆ ಗೇಟಿಗೆ ಇನ್ನೂ ಇನ್ನೂರು ಮಾರು ಇರುವಾಗಲೇ ರಸ್ತೆಗೆ ಅಡ್ಡ, ನಿನ್ನೆ ಇರದ ಹಗ್ಗ. ಅದರಾಚೆ ರಸ್ತೆಯನ್ನು ಉದ್ದಕ್ಕೂ ಅಗೆದು ದೊಡ್ಡ ದೊಡ್ಡ ಪೈಪು ಮಲಗಿಸಿದ್ದರು. ಕೆಂಪು ಬಾವುಟ ಹಿಡಿದ ಕೆಲಸಗಾರನೊಬ್ಬ ಬಂದ ಗಾಡಿಗಳನ್ನೆಲ್ಲ ಕೋಳಿ ಅಟ್ಟುವ ಹಾಗೆ ಎಡಗಡೆಯ ಓಣಿಗೆ ಅಟ್ಟುತ್ತಿದ್ದ.

"ಅಣ್ಣಾ, ಇಲ್ಲೇ ತಿರುಗಿಸ್ಕೋತೀನಿ!" ಎಂದು ಅವಳು ಕಿಟಕಿಯಿಂದ ಕೂಗಿದಳು.

"ಹಿಂದೆ ಹತ್ತು ಗಾಡಿ ಇದಾವೆ ಅಕ್ಕಾ, ಅವಕ್ಕೆ ರೆಕ್ಕೆ ಕಟ್ಟಿ ಕೊಡ್ತೀರಾ? ನಡೀರಿ, ನಡೀರಿ!"

ನಡೆದಳು. ಓಣಿ ಒಂದು ಇನ್ನೊಂದಕ್ಕೆ ಕೂಡಿತು, ಅದು ಒಮ್ಮುಖದ ರಸ್ತೆಗೆ ಕೂಡಿತು. ಎರಡೂ ಕಡೆ ಅವಳು ಹುಟ್ಟಿದಾಗಿನಿಂದ ಕಂಡಿರದ ಅಂಗಡಿಗಳು. ಔಷಧಿ ಅಂಗಡಿ ಇರಲಿ, ಔಷಧಿಗೆ ಬೇಕೆಂದರೂ ಒಂದು ಗುರುತಿರಲಿಲ್ಲ. ಒಂದು ಕಡೆ ಎಂಜಿನ್ ಗುಡುಗುಟ್ಟಿ ನಿಂತೇಹೋಯಿತು. ಗೀಟು. ತಿರುವಿನಲ್ಲಿ ಚಕ್ರ ಕಲ್ಲಿನ ಅಂಚು ಸವರಿತು. ಗೀಟು. ಕನ್ನಡಿ ನೋಡದೆ ಹೊರಟಳು. ಗೀಟು. ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತಿತ್ತು. ಪೆನ್ನಿನ ಸದ್ದು ಕಿವಿಗೆ ಉಗುರು ಗೀರಿದಂತೆ ಕೇಳುತ್ತಿತ್ತು.

"ಸಾರ್, ಇಲ್ಲಿಂದ ಎಲ್ಲಿಗೆ?"

ಪರೀಕ್ಷಕರು ಆಚೀಚೆಯ ಬೋರ್ಡುಗಳನ್ನು ಓದತೊಡಗಿದರು. ಅವಳು ಮತ್ತೆ ಕೇಳಿದಳು. ಪರೀಕ್ಷಕರು ಗಂಟಲು ಸರಿಮಾಡಿಕೊಂಡರು. "ಇವರೇ, ನಿಜ ಹೇಳ್ಬೇಕಂದ್ರೆ, ನಾನು ಈ ಕಡೆ ಬಂದೇ ಇಲ್ಲ."

"ನೀವಾ? ಲೈಸೆನ್ಸ್ ಕೊಡೋರು?"

"ಹದಿನೇಳು ವರ್ಷದಿಂದ ದಿನಕ್ಕೆ ಎಂಟು ಸಲ ಆ ಶಾಲೆ ರಸ್ತೇಲಿ ಹೋಗಿ ಬರ್ತೀನಿ. ಸಾಯಂಕಾಲ ಮನೆಗೆ ಹೋದ್ರೆ ಇನ್ನು ರಸ್ತೆ ಮುಖ ನೋಡೋಕೆ ಮನಸ್ಸಾಗಲ್ಲ. ಫೋನೂ ಮೇಜಿನ ಮೇಲಿದೆ. ಪರೀಕ್ಷೇಲಿ ಇಟ್ಕೊಳ್ಳೋ ಹಾಗಿಲ್ಲ."

ಆ ಗಳಿಗೆಯಲ್ಲಿ ಅವಳೊಳಗೆ ಏನೋ ಸಡಿಲವಾಯಿತು. ಇಷ್ಟು ಹೊತ್ತು ಕಾರಿನಲ್ಲಿ ದಾರಿ ಗೊತ್ತಿಲ್ಲದವಳು ಅವಳೊಬ್ಬಳೇ ಎಂದುಕೊಂಡಿದ್ದಳು. ಈಗ ಇಬ್ಬರಾದರು. ಗೊತ್ತಿಲ್ಲದವರು ಇಬ್ಬರಿದ್ದಾಗ, ಸ್ಟೀರಿಂಗ್ ಯಾರ ಕೈಯಲ್ಲಿದೆಯೋ ಅವರೇ ನೋಡಬೇಕಲ್ಲ? ಅವಳು ಮೊದಲ ಬಾರಿಗೆ ಅಂಗಡಿಗಳನ್ನು ಬಿಟ್ಟು ರಸ್ತೆಯನ್ನು ನೋಡಿದಳು. ಏರು ಬಂತು. ಎಂಜಿನ್ ಉಬ್ಬಸ ಬಂದವರ ಹಾಗೆ ಏದುಸಿರು ಬಿಟ್ಟಿತು. ಓಹೋ, ಎರಡು ಕೇಳುತ್ತಿದೆ ಇದು, ಎಂದು ಇಳಿಸಿದಳು. ಏರು ಮುಗಿಯಿತು, ಸದ್ದು ತೆಳ್ಳಗಾಯಿತು. ಈಗ ಮೂರು. ಕಾರು ಮಾತಾಡುತ್ತಿತ್ತು! ಇಡೀ ವರ್ಷ ಮಾತಾಡಿರಬೇಕು, ಇವಳು ಬೋರ್ಡು ಓದುವುದರಲ್ಲಿ ಕೇಳಿಸಿಕೊಂಡಿರಲಿಲ್ಲ.

ದಿಬ್ಬದ ನೆತ್ತಿಯಲ್ಲಿ ರಸ್ತೆ ಒಮ್ಮೆಲೇ ಅಗಲವಾಯಿತು. ಕೆಳಗೆ ನದಿ, ಅದರ ಮೇಲೆ ನೇರವಾದ ಉದ್ದ ಸೇತುವೆ, ಅದರ ಮೇಲೆ ಒಂದು ನರಪಿಳ್ಳೆಯೂ ಇಲ್ಲ. ಎಂಜಿನ್ ಒಂದೇ ಸಮನೆ ಕಿರುಗುಟ್ಟತೊಡಗಿತು.

"ನಾನು ಹೇಳೋ ಹಾಗಿಲ್ಲ," ಎಂದರು ಪರೀಕ್ಷಕರು ಕಿಟಕಿಯ ಕಡೆ ನೋಡುತ್ತಾ. "ಆದ್ರೆ ಯಾರೋ ಅಳ್ತಾ ಇರೋ ಹಾಗೆ ಕೇಳಿಸ್ತಾ ಇದೆ."

"ನಾಲ್ಕು ಕೇಳ್ತಿದೆ ಸಾರ್. ನಾನು ಇವತ್ತಿನ ತನಕ ನಾಲ್ಕನೇ ಗೇರು ಹಾಕೇ ಇಲ್ಲ."

"ಏನು?"

"ನಮ್ಮ ರಸ್ತೇಲಿ ಅಷ್ಟು ಜಾಗ ಇಲ್ಲ ಸಾರ್. ಮೂರಕ್ಕೆ ಹಾಕೋದ್ರೊಳಗೆ ಹಾಸ್ಟೆಲ್ ಬಂದುಬಿಡುತ್ತೆ."

ಅವಳು ಕ್ಲಚ್ ಒತ್ತಿ, ಉಸಿರು ಹಿಡಿದು, ಗೇರಿನ ಕೋಲನ್ನು ನೇರ ಹಿಂದಕ್ಕೆ ಜಗ್ಗಿದಳು. ಕಟ್ ಎಂದಿತು. ಅಳು ನಿಂತಿತು. ಕಾರು ಗಾಳಿಗೆ ಬಿಟ್ಟ ಹೊದಿಕೆಯ ಹಾಗೆ ಹಗುರಾಗಿ ಹರಡಿಕೊಂಡು ಓಡತೊಡಗಿತು. ಎರಡೂ ಕಡೆ ನೀರು ಹೊಳೆಯುತ್ತಿತ್ತು. ಕಿಟಕಿಯಿಂದ ಗಾಳಿ ಬಂದು ಹಾಳೆ ಪಟಪಟ ಬಡಿದುಕೊಂಡಿತು.

"ಅಯ್ಯಯ್ಯಯ್ಯೋ!" ಎಂದಳು ಅವಳು. ಹೆದರಿ ಅಲ್ಲ. ಬೇರೆ ಯಾವ ಮಾತೂ ಬರಲಿಲ್ಲವಾದ್ದರಿಂದ ಅದು.

ಪರೀಕ್ಷಕರು ನಕ್ಕುಬಿಟ್ಟರು. ನಕ್ಕವರು ಹಾಳೆಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿದು ನದಿಯನ್ನೇ ನೋಡುತ್ತಾ, "ನಾನು ಹಡಗಿಗೆ ಸೇರಬೇಕು ಅಂತ ಮನೆ ಬಿಟ್ಟವನು ಇವರೇ," ಎಂದರು. "ಮಧ್ಯೆ ಈ ಕೆಲಸದ ಆರ್ಡರ್ ಬಂತು. ಒಂದು ವರ್ಷ ಮಾಡಿ ನೋಡೋಣ ಅಂದ್ಕೊಂಡೆ."

"ನಾನು ಮೂರು ತಿಂಗಳು ಅಂದ್ಕೊಂಡಿದ್ದೆ ಸಾರ್."

"ನೀವೇ ವಾಸಿ."

ಸೇತುವೆ ಮುಗಿಯಿತು. ಆಚೆ ಒಂದು ಸಣ್ಣ ಕೂಡುರಸ್ತೆ. ಅದನ್ನು ದಾಟಿ ಎಡಕ್ಕೆ ಹೊರಳಿ ದಡದ ರಸ್ತೆ ಹಿಡಿದಾಗ ಗಡಿಯಾರ ಹನ್ನೊಂದು ಗಂಟೆ ಐದು ನಿಮಿಷ ತೋರಿಸುತ್ತಿತ್ತು. ಇಬ್ಬರ ನಗುವೂ ಆರಿತು. ಉಳಿದದ್ದು ಇಪ್ಪತ್ತೈದು ನಿಮಿಷ.

"ಬಂದ ದಾರೀಲೇ ವಾಪಸ್?" ಎಂದರು ಪರೀಕ್ಷಕರು.

"ಅದು ಒಮ್ಮುಖ ಸಾರ್, ವಾಪಸ್ ಬಿಡಲ್ಲ. ನದಿ ಹಿಡ್ಕೊಂಡು ಹೋಗೋಣ. ಲಾಂಡ್ರಿ ಹಿಂದೆ ಇದೇ ನದಿ ಇದೆ. ನೀರು ಅಲ್ಲಿಂದ ಈ ಕಡೆ ಬರೋದು. ಅಂದ್ರೆ ನೀರು ಎದುರಿಗೆ ಬರೋ ಹಾಗೆ ಹೋಗ್ತಾ ಇದ್ರೆ ಎಲ್ಲೋ ಒಂದು ಕಡೆ ಇನ್ನೊಂದು ಸೇತುವೆ ಇರಲೇಬೇಕು."

"ಇರಲೇಬೇಕಾ?"

"ಇಲ್ದಿದ್ರೆ ಈ ದಡದವರು ಆಸ್ಪತ್ರೆಗೆ ಈಜ್ಕೊಂಡು ಬರ್ತಾರಾ ಸಾರ್?"

ಹೇಳುವಾಗ ಇದ್ದ ಧೈರ್ಯ ಹೇಳಿದ ಮೇಲೆ ಇರಲಿಲ್ಲ. ಐದು ನಿಮಿಷ ಹೋಯಿತು, ಹತ್ತು ಹೋಯಿತು. ಸೇತುವೆ ಇಲ್ಲ. ಮರದ ಡಿಪೋ, ಮೂರು ಕ್ಷೌರದಂಗಡಿ ಒಂದೇ ಸಾಲಿನಲ್ಲಿ, ದನದ ಡಾಕ್ಟರ ಬೋರ್ಡು, ನೀಲಿ ನೀರಿನ ಟ್ಯಾಂಕು. ನನ್ನ ಹುಚ್ಚು ಲೆಕ್ಕವನ್ನು ನಂಬಿ ಈ ಮನುಷ್ಯರೂ ಸುಮ್ಮನೆ ಕೂತರಲ್ಲ, ಎಂದು ಅವಳಿಗೆ ಅಳು ಬಂತು. ಲಾರಿಯೊಂದನ್ನು ಹಿಂದೆ ಹಾಕಿದಳು. ಹಿಂದೆ ಹಾಕಿದ ಮೇಲೆ, ಲಾರಿಯನ್ನು ಹಿಂದೆ ಹಾಕಿದವಳು ತಾನೇ ಎಂದು ಗೊತ್ತಾಗಿ ಮೈ ಜುಮ್ಮೆಂದಿತು.

"ಅಗೋ!" ಎಂದು ಕೂಗಿದವರು ಪರೀಕ್ಷಕರು. ಸೀಟಿನಿಂದ ಅರ್ಧ ಎದ್ದಿದ್ದರು. "ಕಬ್ಬಿಣದ್ದು! ಅಲ್ಲಿ, ಟ್ಯಾಂಕಿನ ಹಿಂದೆ! ಇವರೇ, ಸೇತುವೆ!"

ಕಿರಿದಾದ ಹಳೆಯ ಕಬ್ಬಿಣದ ಸೇತುವೆ. ಎದುರಿನಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಬಿಟ್ಟು, ಆಮೇಲೆ ಹಲ್ಲು ಕಡಕಡ ಎನ್ನುವಂತೆ ದಾಟಿದರು. ಆಚೆ ದಡದಲ್ಲಿ ಎರಡು ತಿರುವು ಹಾಕುವಷ್ಟರಲ್ಲಿ ಪರೀಕ್ಷಕರು ದಿನಾ ಹಾದುಹೋಗುವ ಶಾಲೆಯ ಹಿಂಗೋಡೆ ಕಂಡಿತು. ಇನ್ನು ಅವರಿಗೆ ಕಲ್ಲು ಕಲ್ಲೂ ಗೊತ್ತು. "ಎಡಕ್ಕೆ. ಈಗ ಬಲಕ್ಕೆ. ಅಲ್ಲಿ ಗುಂಡಿ ಇದೆ, ನಿಧಾನ," ಎಂದು ಬಾಯಿಗೆ ಬಿಡುವಿಲ್ಲದೆ ಹೇಳಿದರು. ಔಷಧಿ ಅಂಗಡಿಯಿಲ್ಲದ ಆ ರಸ್ತೆಯಲ್ಲಿ ಅವಳು ಮೂರಕ್ಕೆ ಹಾಕಿದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ. ಅಂಗಳದ ಗೇಟಿನೊಳಗೆ ಚಕ್ರ ಬಂದಾಗ ಹನ್ನೊಂದು ಇಪ್ಪತ್ತಾರು.

ಎಂಜಿನ್ ಆರಿಸಿದಳು.

"ಇಳೀಬೇಡಿ," ಎಂದರು ಪರೀಕ್ಷಕರು. ಅವರ ಮುಖ ಮತ್ತೆ ಕಚೇರಿಯ ಮುಖವಾಗಿತ್ತು. "ಹೋದ ಹಾದಿ ಬರೀಬೇಕು. ಅಚ್ಚು ಹಾಕಿರೋ ಹಾದಿ ಬಿಟ್ಟು ಹೋದ್ರೆ ಎಲ್ಲಿ ಹೋದ್ವಿ ಅಂತ ಒಂದೂ ಬಿಡದೆ ಬರೆದು ಸಹಿ ಮಾಡ್ಬೇಕು. ಇಲ್ಲಾಂದ್ರೆ ಮೇಲಿನವರು ಒಪ್ಪಲ್ಲ. ನಂಗೆ ಅರ್ಧ ನೆನಪಿಲ್ಲ. ಹೇಳಿ."

ಅವಳು ಹೇಳಿದಳು. ರಸ್ತೆಗಳ ಹೆಸರು ಗೊತ್ತಿರಲಿಲ್ಲ, ಗುರುತು ಹೇಳಿದಳು. ಅವರು ಹಾಳೆಯ ಹಿಂಬದಿಯಲ್ಲಿ ಬರೆಯುತ್ತಾ ಹೋದರು. ಕೆಂಪು ಬಾವುಟ, ಓಣಿ, ದಿಬ್ಬ, ಉದ್ದ ಸೇತುವೆ. "ಅದಾದ ಮೇಲೆ?"

"ಅದಾದ ಮೇಲೆ ಕೂಡುರಸ್ತೆ ಸಾರ್. ಅಲ್ಲಿ ನಿಲ್ಲಿ ಅಂತ ಬಿಳಿ ಗೆರೆ..."

ಮಾತು ಅಲ್ಲೇ ನಿಂತಿತು. ನಿಲ್ಲದೆ ಹೋದದ್ದು ಕಾರು. ಈಗ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು: ಬಿಳಿ ಗೆರೆ, ಖಾಲಿ ರಸ್ತೆ, ನದಿಯ ಕಡೆಗೆ ತಿರುಗಿದ್ದ ಪರೀಕ್ಷಕರ ಮುಖ, ಗೆರೆಯ ಮೇಲೆ ಉರುಳಿಕೊಂಡೇ ಹೋದ ಚಕ್ರ. ಅವರು ನೋಡಿರಲಿಲ್ಲ. ಪ್ರಪಂಚದಲ್ಲಿ ಯಾರೂ ನೋಡಿರಲಿಲ್ಲ. ಕೂಡುರಸ್ತೆ, ಎಡಕ್ಕೆ, ಎಂದರೆ ಮುಗಿಯಿತು. ಮುಗಿಯುತ್ತದೆಯೇ? ನಾಳೆ ಬೆಳಿಗ್ಗೆ ಸ್ಟೀರಿಂಗ್ ಹಿಡಿದಾಗಲೆಲ್ಲ ಆ ಗೆರೆ ಎದುರಿಗೆ ಬಂದು ಮಲಗಿದರೆ? ಬೇಡ, ಸುಮ್ಮನಿರು, ಎಂದುಕೊಂಡಳು. ಯಜಮಾನಿಯ ಮುಖ ನೆನೆದಳು, ಇಸ್ತ್ರಿ ಮೇಜನ್ನು ನೆನೆದಳು. ನಾಲಿಗೆ ಯಾರ ಮಾತನ್ನೂ ಕೇಳಲಿಲ್ಲ.

"ಸಾರ್, ಅಲ್ಲಿ ನಾನು ನಿಲ್ಲಿಸಲಿಲ್ಲ. ನಿಧಾನ ಮಾಡ್ದೆ, ಎರಡೂ ಕಡೆ ನೋಡ್ದೆ. ಆದ್ರೆ ಚಕ್ರ ಪೂರ್ತಿ ನಿಲ್ಲಲಿಲ್ಲ."

ಪೆನ್ನು ನಿಂತಿತು. ಪರೀಕ್ಷಕರು ಅವಳ ಕಡೆ ತಿರುಗಿದರು.

"ಯಾಕೆ ಹೇಳಿದ್ರಿ ಇದನ್ನ?"

"ಒಂದೂ ಬಿಡದೆ ಹೇಳಿ ಅಂದ್ರಲ್ಲ ಸಾರ್."

"ಗೆರೆ ಹತ್ರ ಯಾರಾದ್ರೂ ಇದ್ರಾ? ನಡೆಯೋರು, ಸೈಕಲ್ಲು?"

"ಒಂದು ನಾಯಿ ಮಲಗಿತ್ತು. ದೂರದಲ್ಲಿ."

"ಗಾಡಿ ಬರ್ತಿದ್ದೂ ನಿಲ್ಲಿಸದೆ ಹೋಗಿದ್ರೆ ದೊಡ್ಡ ತಪ್ಪು. ಎರಡೂ ಕಡೆ ನೋಡಿ, ಖಾಲಿ ಅಂತ ಗೊತ್ತಾಗಿ, ನಿಧಾನಕ್ಕೆ ಉರುಳಿಸಿದ್ರೆ ಸಣ್ಣದು," ಎಂದು ಅವರು ತಮಗೇ ಪಾಠ ಒಪ್ಪಿಸಿಕೊಳ್ಳುವಂತೆ ಹೇಳಿಕೊಂಡರು. ಹಾಳೆ ತಿರುಗಿಸಿ ಪೆನ್ನಿನ ತುದಿಯಿಂದ ಗೀಟುಗಳನ್ನು ಎಣಿಸಿದರು. ಅವರ ತುಟಿ ಅಲ್ಲಾಡುವುದನ್ನು ನೋಡುತ್ತಾ ಅವಳೂ ಎಣಿಸಿದಳು. "ಹದಿನಾಲ್ಕು." ಇನ್ನೊಂದು ಗೀಟು ಎಳೆದರು. "ಹದಿನೈದು."

"ಹದಿನೈದು ಅಂದ್ರೆ ಸಾರ್?"

"ಹದಿನೈದರ ತನಕ ಪಾಸು. ಹದಿನಾರಕ್ಕೆ ಫೇಲು."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಬಾಯಿ ತೆರೆದಳು. "ಸಾರ್, ಇನ್ನೊಂದು..."

"ಇವರೇ, ನಿಮಗೆ ಕೈ ಮುಗೀತೀನಿ, ಬಾಯಿ ಮುಚ್ಚಿ!"

"ಥ್ಯಾಂಕ್ಸ್ ಹೇಳೋಣ ಅಂತಿದ್ದೆ ಸಾರ್."

ಪರೀಕ್ಷಕರು ಕಣ್ಣು ಮುಚ್ಚಿಕೊಂಡು ಉಸಿರು ಬಿಟ್ಟರು. ಸಹಿ ಮಾಡಿ, ಚೀಟಿ ಹರಿದು ಕೊಟ್ಟು, ಬರೆದ ಹಾದಿಯನ್ನು ಇನ್ನೊಂದು ಕಾಗದಕ್ಕೆ ತಮಗಾಗಿ ನಕಲು ಮಾಡಿಕೊಳ್ಳುತ್ತಾ ಕಾರಿನಲ್ಲೇ ಕೂತರು. ಮುಂದಿನ ಅಭ್ಯರ್ಥಿ ಕಿಟಕಿ ತಟ್ಟಿದರೂ ತಲೆಯೆತ್ತಲಿಲ್ಲ.

ನಾದಿನಿ ಅಂಗಳದ ಆ ತುದಿಯಿಂದ ಓಡಿಬಂದಳು. "ಅತ್ತಿಗೆ! ಎಲ್ಲಿಗೆ ಹೋಗಿದ್ರಿ? ಎಲ್ಲರೂ ಇಪ್ಪತ್ತೇ ನಿಮಿಷಕ್ಕೆ ಬಂದ್ರು. ಸಾಹೇಬರನ್ನ ಹೊತ್ಕೊಂಡು ಹೋಗಿಬಿಟ್ರಾ ಅಂತ ಗುಮಾಸ್ತರು ನನ್ನನ್ನ ಕೇಳ್ತಾರೆ! ಏನಾಯ್ತು? ಮಾತಾಡಿ!"

ಅವಳು ಚೀಟಿ ತೋರಿಸಿದಳು. ನಾದಿನಿ ಕಿರುಚಿದ ಕಿರುಚಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಫೋನ್ ಹಚ್ಚಿ ಲಾಂಡ್ರಿಗೆ ಸುದ್ದಿ ಕೂಗಿದವಳೂ ಅವಳೇ.

"ಅದಕ್ಕೆ ನೀನ್ಯಾಕೆ ಬಡ್ಕೋತಿದೀಯ? ಅವಳೆಲ್ಲಿ?" ಎಂದಳು ಯಜಮಾನಿ.

"ಇಲ್ಲೇ ಇದಾರೆ, ಅಳ್ತಾ ಇದಾರೆ. ಅಲ್ಲ, ನಗ್ತಾ ಇದಾರೆ."

"ಯಾವುದಾದ್ರೂ ಒಂದು ಮಾಡು ಅಂತ ಹೇಳು. ನಾಳೆ ಆರು ಗಂಟೆಗೆ ವ್ಯಾನ್ ಹೊರಡ್ಬೇಕು."

ಆ ಕಡೆ ಏನೋ ಎಳೆದಾಟ ಕೇಳಿಸಿತು. ಫೋನು ವ್ಯಾನ್ ಮಾವನ ಕೈಗೆ ಹೋಗಿತ್ತು. "ಏ ಗಡಿಬಿಡಿ, ಹಾಳು ಶಾಲೆ ರಸ್ತೇಲಿ ಕೊನೆಗೂ ಪಾಸಾದ್ಯಾ?"

ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಆ ರಸ್ತೇಲಿ ಅಲ್ಲ ಮಾವ. ಹೆಸರು ಗೊತ್ತಿಲ್ಲ. ನೀವು ನೋಡಿಲ್ಲದ ರಸ್ತೆ."

"ಇಪ್ಪತ್ತೆಂಟು ವರ್ಷ ಓಡಿಸಿದೀನಿ ಕಣೇ. ನಾನು ನೋಡದ ರಸ್ತೆ ಯಾವುದೇ ಈ ಊರಲ್ಲಿ?"

"ಕೂತ್ಕೊಂಡಿದೀರಾ?"

"ಹೂಂ, ಮೂಟೆ ಮೇಲೆ."

"ಹಾಗಾದ್ರೆ ಕೇಳಿ," ಎಂದು ಅವಳು ಅಂಗಳದ ನಡುವೆಯೇ ನಿಂತು, ಗಾಳಿಯಲ್ಲಿ ಕೈಯಿಂದ ದಿಬ್ಬ ಬರೆಯುತ್ತಾ, ಒಂದೂ ಬಿಡದೆ ಹೇಳತೊಡಗಿದಳು.